ಮರಳಿ ಕಂಡ ಊರು: ನಮ್ಮ ಪ್ರವಾಸ ಸಾಹಿತ್ಯದ ಒಂದು ಕೊರತೆ

ನಮ್ಮ ಸಂಘದ ಹಿಂದಿನ ಗೋಷ್ಠಿಯಲ್ಲಿ ಪ್ರವಾಸ ಸಾಹಿತ್ಯವನ್ನು ಕುರಿತು ಮಾತು ನಡೆಯುತ್ತಿದ್ದಾಗ ಮಿತ್ರರೊಬ್ಬರು ಒಂದು ಪ್ರಶ್ನೆಯನ್ನು ಎತ್ತಿದರು. ಪರದೇಶದ ಒಂದು ಊರಿನಲ್ಲಿ ಕೆಲವು ವರ್ಷ ಬಾಳಿ, ತಾಯ್ನಾಡಿಗೆ ಬಂದು, ಬಹುಕಾಲದ ಮೇಲೆ ಅದೇ ಊರನ್ನು ನೋಡಬೇಕೆಂದು ಒಬ್ಬನೇ ಮರಳಿ ಹೋದವನು ಬರೆದ ಪುಸ್ತಕ ಕನ್ನಡದಲ್ಲಿ ಯಾವುದಿದೆ ಎಂಬುದು ಅವರ ಪ್ರಶ್ನೆ. ಸಭೆಯಲ್ಲಿ ಐದಾರು ಹೆಸರುಗಳು ಬಂದುವು. ಒಂದೊಂದನ್ನೂ ವಿಚಾರಿಸಿ ನೋಡಿದಾಗ ಯಾವುದೂ ಪ್ರಶ್ನೆಗೆ ಸರಿಯಾಗಿ ಒಪ್ಪಲಿಲ್ಲ. ಕಾಫಿ ಆರಿತು, ಮಾತು ಬೇರೆ ಕಡೆಗೆ ಹೊರಳಿತು. ಆದರೆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮನೆಯಲ್ಲಿರುವ ಪುಸ್ತಕಗಳನ್ನು ತಿರುವಿಹಾಕಿ, ಇಲ್ಲದುದನ್ನು ಚಾಮರಾಜನಗರದಿಂದ ಎರವಲು ತರಿಸಿ ಓದಿದ ಮೇಲೆ ನನಗೆ ತೋರಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲಿಗೆ ಪುಸ್ತಕಗಳ ಹೆಸರುಗಳನ್ನೇ ಗಮನಿಸಬೇಕು. ಹೆಸರನ್ನು ನೋಡಿ ಗ್ರಂಥವನ್ನು ಅಳೆಯುವುದು ವಿಮರ್ಶಕನಿಗೆ ಶೋಭೆಯಲ್ಲವೆಂದು ಬಲ್ಲೆ. ಆದರೂ ಪ್ರವಾಸಗ್ರಂಥಗಳ ವಿಷಯದಲ್ಲಿ ಹೆಸರು ಬಹಳಷ್ಟನ್ನು ಬಿಟ್ಟುಕೊಡುತ್ತದೆ. ಶ್ರೀ ಶಿವರಾಮ ಕಾರಂತರ ಯೂರೋಪು ಪ್ರವಾಸದ ಗ್ರಂಥಕ್ಕೆ 'ಅಪೂರ್ವ ಪಶ್ಚಿಮ' ಎಂದು ಹೆಸರು. ಅಪೂರ್ವವೆಂದರೆ ಹಿಂದೆ ಇಲ್ಲದುದು, ಹಿಂದೆ ಕಾಣದುದು. ಪೂರ್ವದಿಕ್ಕಿಗೆ ಸೇರದುದು ಎಂಬ ಇನ್ನೊಂದು ಅರ್ಥದ ಚಮತ್ಕಾರವೂ ಅದರಲ್ಲಿದೆ. ಹೊಸದನ್ನು ಮೊದಲ ಸಲ ಕಾಣುವ ಕಣ್ಣಿನ ಹಸಿವು ಆ ಒಂದು ಮಾತಿನಲ್ಲಿಯೇ ಸಿಕ್ಕುತ್ತದೆ. ಶ್ರೀ ಬಿ.ಜಿ.ಎಲ್. ಸ್ವಾಮಿಯವರದು 'ಅಮೆರಿಕದಲ್ಲಿ ನಾನು'; ಶ್ರೀ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರದು 'ಅಮೆರಿಕದಲ್ಲಿ ಗೊರೂರು', 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಗ್ರಂಥ. ಎರಡರ ರಚನೆಯೂ ಒಂದೇ: ದೇಶ ಸಪ್ತಮೀ ವಿಭಕ್ತಿಯಲ್ಲಿ, ಲೇಖಕ ಪ್ರಥಮೆಯಲ್ಲಿ. ದೇಶವು ರಂಗಸ್ಥಳ, ಲೇಖಕನು ಪಾತ್ರ. ಶ್ರೀ ಜಿ.ಎಸ್. ಶಿವರುದ್ರಪ್ಪನವರ 'ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ'ದಲ್ಲಿ ದಿನಗಳ ಎಣಿಕೆಯೇ ಹೆಸರಿನಲ್ಲಿ ಸೇರಿಕೊಂಡಿದೆ. ಅತಿಥಿಯಾಗಿ ಹೋದವನು ದಿನಗಳನ್ನು ಎಣಿಸುತ್ತಾನೆ. ನೆಲಸಿದವನಿಗೆ ಎಣಿಕೆ ತಪ್ಪಿಹೋಗುತ್ತದೆ. ಶ್ರೀ ಕೃಷ್ಣಾನಂದ ಕಾಮತರ 'ನಾನೂ ಅಮೆರಿಕೆಗೆ ಹೋಗಿದ್ದೆ' ಎಂಬ ಹೆಸರಿನಲ್ಲಿರುವ 'ಊ'ಕಾರ ಒಂದರಲ್ಲಿಯೇ ಈ ಬಗೆಯ ಗ್ರಂಥಗಳ ಮೇಲೆ ಒಂದು ಮೆಲ್ಲನೆಯ ನಗೆ ಅಡಗಿದೆ. ನನಗೆ ಬಹಳ ಮೆಚ್ಚಿಕೆಯಾದ ಹೆಸರು ಅದು.

ಈ ಗ್ರಂಥಗಳನ್ನು ಕೀಳುಗಳೆಯುವುದು ನನ್ನ ಉದ್ದೇಶವಲ್ಲ. ಗೊರೂರರ ಹಳ್ಳಿಯ ಕಣ್ಣು ಅಮೆರಿಕವನ್ನು ಕಾಣುವ ರೀತಿ, ಸ್ವಾಮಿಯವರ ಕುಚೋದ್ಯ, ಇವು ನಮ್ಮ ಗದ್ಯಕ್ಕೆ ಬಂದ ಭಾಗ್ಯ. ಆದರೆ ಇವೆಲ್ಲವೂ ಮೊದಲ ನೋಟದ ಸಾಹಿತ್ಯ. ಮೊದಲ ನೋಟಕ್ಕೆ ಹೋಲಿಕೆಯೇ ಬಂಡವಾಳ: ಅಲ್ಲಿ ಹೀಗೆ, ನಮ್ಮಲ್ಲಿ ಹಾಗೆ. ಮರಳಿ ಹೋದವನಿಗೆ ಈ ಬಂಡವಾಳವಿಲ್ಲ. ಅವನು ಹೋಲಿಸಬೇಕಾದುದು ಊರನ್ನು ಊರಿನೊಡನೆ, ತನ್ನನ್ನು ತನ್ನೊಡನೆ. ಜೊತೆಯಲ್ಲಿ ಯಾರಾದರೂ ಇದ್ದರೆ 'ಇಲ್ಲಿ ನಾನು ಇದ್ದೆ, ಇಲ್ಲಿ ಊಟ ಮಾಡುತ್ತಿದ್ದೆ' ಎಂದು ತೋರಿಸಿ ತೀರಿಸಿಕೊಳ್ಳಬಹುದು. ಒಬ್ಬನೇ ಹೋದವನಿಗೆ ಅದೂ ಇಲ್ಲ.

ಪರದೇಶದಲ್ಲಿ ವರ್ಷಗಟ್ಟಲೆ ಇದ್ದ ನಮ್ಮ ಲೇಖಕರು ಇಲ್ಲವೆಂದಲ್ಲ. ಶ್ರೀ ವಿ.ಕೃ. ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದರು. 'ಸಮುದ್ರದಾಚೆಯಿಂದ' ಎಂಬ ಗ್ರಂಥ ಆ ವಾಸದ ಫಲ. ಆ ಹೆಸರಿನ ಪಂಚಮಿಯನ್ನು ನೋಡಿ: ಆಚೆಯಿಂದ ಈಚೆಗೆ. ಬರೆಯುವ ಕೈ ಅಲ್ಲಿ, ಓದುವ ಕಣ್ಣು ಇಲ್ಲಿ. ಶ್ರೀ ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರೆದುದು 'ಸಂಸ್ಕಾರ'. 1965ರಲ್ಲಿ ಅದು ಪ್ರಕಟವಾಯಿತು. ಕಿಟಕಿಯ ಹೊರಗೆ ಇಂಗ್ಲೆಂಡಿನ ಕಾರ್ಖಾನೆಯ ಪಟ್ಟಣ, ಮೇಜಿನ ಮೇಲೆ ದೂರ್ವಾಸಪುರದ ಅಗ್ರಹಾರ. ದೂರ ಹೋದ ಮನಸ್ಸು ಮನೆಯ ಕಡೆಗೇ ತಿರುಗಿತು. ಆ ಪಟ್ಟಣವು ಕಾದಂಬರಿಯ ಹೊರಗೇ ನಿಂತಿತು. ಶ್ರೀ ಎ.ಕೆ. ರಾಮಾನುಜನ್ನರದು ಇದಕ್ಕಿಂತ ಸೂಕ್ಷ್ಮವಾದ ಸಂಗತಿ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅರುವತ್ತರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಶಿಕಾಗೋದಲ್ಲಿದ್ದ ಅವರಿಗೆ ಮರಳಿ ನೋಡುವ ಊರು ಮೈಸೂರೇ ಆಯಿತು. 1969ರ 'ಹೊಕ್ಕುಳಲ್ಲಿ ಹೂವಿಲ್ಲ'ದಿಂದ ಮುಂದಿನ ಅವರ ಕನ್ನಡ ಕವಿತೆಗಳಲ್ಲಿ ತಿರುತಿರುಗಿ ಮನೆಗೆ ಬಂದವನ ಒಣ ಹಾಸ್ಯವಿದೆ. ಆದರೆ ನಮ್ಮ ಮಿತ್ರರು ಕೇಳಿದ ದಿಕ್ಕು ಇದರ ವಿರುದ್ಧ ದಿಕ್ಕು.

ಶ್ರೀಮತಿ ನೇಮಿಚಂದ್ರ ಅವರ 'ಯಾದ್ ವಶೇಮ್' (2007) ಕಾದಂಬರಿಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ನಾಜಿ ಜರ್ಮನಿಯಿಂದ ಬೆಂಗಳೂರಿಗೆ ಬಂದು ಬೆಳೆದ ಯೆಹೂದಿ ಹುಡುಗಿ ಮುಪ್ಪಿನಲ್ಲಿ ತನ್ನವರನ್ನು ಹುಡುಕಿಕೊಂಡು ಯೂರೋಪಿಗೆ ಹೋಗುವ ಕಥೆ ಅದು. ಮರಳಿ ಹೋಗುವಿಕೆ ಇಲ್ಲಿ ನಿಜವಾಗಿಯೂ ಇದೆ. ಆದರೆ ಚರಿತ್ರೆಯ ಆ ಘೋರದ ಮುಂದೆ ಬೀದಿ, ಮನೆ, ಮೆಟ್ಟಿಲು ಇವುಗಳನ್ನು ನಿಂತು ನೋಡುವ ಬಿಡುವು ಯಾರಿಗೂ ಇರಲಾರದು. ಅಲ್ಲಿ ಊರು ಸಾಕ್ಷಿಯ ಕಟಕಟೆಯಲ್ಲಿ ನಿಂತಿದೆ. ಹೀಗಾಗಿ ಅದನ್ನೂ ಬೇರೆಯಾಗಿಯೇ ಇಡಬೇಕು.

ಇಲ್ಲಿ ನನ್ನದೊಂದು ಅಲ್ಪ ಅನುಭವವನ್ನು ಹೇಳುವುದಕ್ಕೆ ಅಪ್ಪಣೆ ಬೇಡುತ್ತೇನೆ. ನಮ್ಮ ತಾಳವಾಡಿಯವರಿಗೆ 'ಹೊರನಾಡು' ಎಂಬ ಮಾತಿನ ಅರ್ಥ ಎಂದೂ ನೇರವಾಗಿ ದೊರೆತುದಿಲ್ಲ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯ ವಶವಾಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿದಾಗ ನಾವು ಮದರಾಸಿನಲ್ಲೇ ಉಳಿದೆವು. 1979ರಲ್ಲಿ ಈರೋಡು ಜಿಲ್ಲೆಯಾಯಿತು. ನಾವು ಎದ್ದು ಎಲ್ಲಿಗೂ ಹೋದವರಲ್ಲ. ಗೆರೆಗಳೇ ನಮ್ಮ ಸುತ್ತ ಓಡಾಡಿದುವು. ಜಿಲ್ಲೆಯ ಕಛೇರಿಗೆ ಹೋಗಬೇಕಾದರೆ ದಿಂಬದ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಮದುವೆಯ ಜವಳಿಗೆ ಮಾತ್ರ ನಾವು ತಿರುಗುವುದು ಚಾಮರಾಜನಗರದ ಕಡೆಗೆ. ನಾನು ಓದಿದುದು ಮೈಸೂರಿನಲ್ಲಿ, ಅಂದರೆ ಲೆಕ್ಕಕ್ಕೆ ಪರರಾಜ್ಯದಲ್ಲಿ. ಬಹು ವರ್ಷಗಳ ಮೇಲೆ, ಕೆಲಸವೇನೂ ಇಲ್ಲದೆ, ಒಬ್ಬನೇ ಅಲ್ಲಿಗೆ ಹೋದೆ. ನಾನಿದ್ದ ಬಾಡಿಗೆಯ ಕೋಣೆಯ ಜಾಗದಲ್ಲಿ ಮೂರು ಅಂತಸ್ತಿನ ಮನೆ ಎದ್ದಿತ್ತು. ಅದರಿಂದ ನನಗೆ ಅಷ್ಟೇನೂ ದುಃಖವಾಗಲಿಲ್ಲ. ಮೂಲೆಯ ಅಂಗಡಿಯಲ್ಲಿ ವೀಳ್ಯದೆಲೆ ಕೊಳ್ಳುತ್ತ ಊರಿನ ಹೆಸರು ಹೇಳಿದೆ. ಅಂಗಡಿಯ ಹುಡುಗ ಮೆಚ್ಚಿಕೆಯಿಂದಲೇ, 'ನೀವು ತಮಿಳುನಾಡಿನವರಾ? ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ ಸ್ವಾಮಿ!' ಎಂದ. ಹುಡುಗನ ಮಾತಿನಲ್ಲಿ ಕುಂದೇನೂ ಇಲ್ಲ. ಆದರೆ ನಾನು ಅಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಮರಳಿ ಹೋದವನನ್ನು ಊರು ಅಳೆಯುವುದು ನಾಲಿಗೆಯಿಂದ ಎಂಬುದು ಆ ದಿನ ನನಗೆ ಗೊತ್ತಾಯಿತು.

ಬೆಟ್ಟವನ್ನು ಹತ್ತಿ ಮನೆಗೆ ಬಂದ ಮೇಲೆ ಗೋಷ್ಠಿಯ ಪ್ರಶ್ನೆಗೆ ಉತ್ತರ ನನ್ನ ಕಪಾಟಿನಲ್ಲಿಯೇ ಇದೆಯೆಂದು ಹೊಳೆಯಿತು. ನಾವು ಕನ್ನಡಿಗರ ಪೈಕಿ ಹುಡುಕಿದೆವು, ಅದೇ ತಪ್ಪು. ಪರದೇಶದ ಊರಿನಲ್ಲಿ ಬಾಳಿ, ಸ್ವದೇಶಕ್ಕೆ ಹೋಗಿ, ಒಂಟಿಯಾಗಿ ಮರಳಿ ಬಂದು, ಅದರಿಂದ ಒಂದು ಕನ್ನಡ ಗ್ರಂಥವನ್ನು ಮಾಡಿದವನು ಜರ್ಮನಿಯವನು. ಅವನಿಗೆ ಪರದೇಶವೆಂದರೆ ನಾವೇ.

ಫರ್ಡಿನಾಂಡ್ ಕಿಟ್ಟೆಲ್ಲರ ಜೀವನದ ಹೊರಗೆರೆಯನ್ನು ವಾಚಕರು ಬಲ್ಲರು. 1832ರಲ್ಲಿ ಜನನ, 1853ರಲ್ಲಿ ಇಪ್ಪತ್ತೊಂದರ ವಯಸ್ಸಿನಲ್ಲಿ ಬಾಸೆಲ್ ಮಿಶನ್ನಿನ ಕಡೆಯಿಂದ ಇಲ್ಲಿಗೆ ಆಗಮನ, ಮಂಗಳೂರು, ಮಡಿಕೇರಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ವಾಸ. ಮೊದಲ ಪತ್ನಿ ಪೌಲೀನೆ 1864ರಲ್ಲಿ ತೀರಿಕೊಂಡರು. ಆಕೆಯ ತಂಗಿ ಯೂಲಿಯೆಯನ್ನು ಆ ಬಳಿಕ ವರಿಸಿದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1877ರಲ್ಲಿ ಜರ್ಮನಿಗೆ ಹೊರಟುಹೋದರು. ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಯಬೇಕು. ಆದರೆ 1883ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು, ನಿಘಂಟನ್ನು ಮುಗಿಸುವುದಕ್ಕಾಗಿ ಮತ್ತೆ ಬಂದರು, 1892ರವರೆಗೆ ಇದ್ದರು. ಒಂಬತ್ತು ವರ್ಷ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನಿಘಂಟಿನ ಕೆಲಸವು ನುಡಿಯಾಡುವ ಜನರ ನಡುವೆ ಅಲ್ಲದೆ ಸಾಗದು, ಆದುದರಿಂದ ಬಂದರು, ಇದರಲ್ಲಿ ವಿಶೇಷವೇನು ಎಂದು ಕೇಳಬಹುದು. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಆದರೆ ಅದೇ ಮಿಶನ್ನಿನ ಹೆರ್ಮನ್ ಗುಂಡರ್ಟರನ್ನು ನೋಡಿ. ಅವರು 1859ರಲ್ಲಿ ಮಲಬಾರನ್ನು ಬಿಟ್ಟು ಹೋದವರು ಮರಳಿ ಬರಲೇ ಇಲ್ಲ. ಜರ್ಮನಿಯ ಕಾಲ್ವ್ ಎಂಬ ಸಣ್ಣ ಊರಿನಲ್ಲಿ ಕುಳಿತು ತಮ್ಮ ಮಲೆಯಾಳ ನಿಘಂಟನ್ನು ಸಿದ್ಧಪಡಿಸಿದರು. 1872ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. ಇಂದಿಗೂ ಅದು ಮಾನ್ಯವಾದ ಕೃತಿ. ಅಂದಮೇಲೆ ದೂರದಲ್ಲಿ ಕುಳಿತು ನಿಘಂಟನ್ನು ಮುಗಿಸುವುದು ಅಸಾಧ್ಯವಾಗಿರಲಿಲ್ಲ. ಕಣ್ಣೆದುರಿಗೆ ಮೇಲ್ಪಂಕ್ತಿಯೇ ಇತ್ತು. ಕಿಟ್ಟೆಲ್ಲರು ಬಂದುದು ಬರಬೇಕೆಂದು ತೀರ್ಮಾನಿಸಿ. ಆ ತೀರ್ಮಾನದ ಕಾರಣವನ್ನು ಅವರ ಗ್ರಂಥದೊಳಗೇ ಅರಸಬೇಕು. ವಿಮರ್ಶೆಗೆ ಇಲ್ಲಿ ಕೆಲಸವಿದೆ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟು 1752 ಪುಟಗಳದು. ಶಬ್ದಗಳು ಸುಮಾರು 70,000. ಅವರು ಹುಟ್ಟಿದ 1832ರಲ್ಲಿಯೇ ವಿಲಿಯಂ ರೀವ್ ಎಂಬವರ ಕನ್ನಡ ನಿಘಂಟು ಮದರಾಸಿನಲ್ಲಿ ಅಚ್ಚಾಗಿತ್ತು. ಸ್ಯಾಂಡರ್ಸನ್ನರು ಪರಿಷ್ಕರಿಸಿದ ಅದರ ಮುದ್ರಣ 1858ರಲ್ಲಿ ಬೆಂಗಳೂರಿನಲ್ಲಿ ಬಂದಿತ್ತು. ಮಿಶನರಿಗಳ ಅನುಕೂಲಕ್ಕೆ ಅಷ್ಟು ಸಾಲುತ್ತಿತ್ತು. ಕಿಟ್ಟೆಲ್ಲರ ಪುಟವನ್ನು ತೆರೆದರೆ ಕಾಣುವ ಲೋಕ ಬೇರೆ. ಶಬ್ದ, ಅದರ ಪ್ರಾಚೀನ ರೂಪ, ತಮಿಳು ತೆಲುಗು ತುಳು ಮಲೆಯಾಳಗಳ ಜ್ಞಾತಿಶಬ್ದಗಳು, ಆಮೇಲೆ ಅರ್ಥ. ಅದರ ಬೆನ್ನಿಗೆ ಜೈಮಿನಿ ಭಾರತದಿಂದಲೋ ಬಸವ ಪುರಾಣದಿಂದಲೋ ದಾಸರ ಪದದಿಂದಲೋ ಪ್ರಯೋಗ. ಅದರ ಬೆನ್ನಿಗೆ ಗಾದೆ. ಈ ಗಾದೆಗಳನ್ನು ಗಮನಿಸಬೇಕು. ಕಾವ್ಯದ ಪ್ರಯೋಗವನ್ನು ಓಲೆಗರಿಯಿಂದ ಹೆಕ್ಕಬಹುದು. ಓಲೆಯ ಪ್ರತಿಯನ್ನು ಜರ್ಮನಿಗೆ ಒಯ್ಯಬಹುದು. ಗಾದೆ ಹಾಗಲ್ಲ. ಸಾಲಗಾರನ ಮೇಲೆ ರೇಗಿದ ಗೌಡನೂ ಸೊಸೆಯನ್ನು ಚುಚ್ಚುವ ಅತ್ತೆಯೂ ಅದನ್ನು ಆಡಬೇಕು, ಕೇಳುವವನು ಹತ್ತಿರದಲ್ಲಿರಬೇಕು. ಸೌಟು, ನೊಗ, ಒನಕೆ, ಮಗ್ಗ, ಇವುಗಳ ಸಂಬಂಧದ ಮಾತುಗಳಿಗೆ ಅವರು ಕೊಡುವ ವಿವರಣೆಯಲ್ಲಿ ಅಂಗಳದಲ್ಲಿ ನಿಂತು ನೋಡಿದವನ ನಿಷ್ಕೃಷ್ಟತೆ ಇದೆ. ಯೌವನದಲ್ಲಿ ಕೇಳಿದುದನ್ನು ಐವತ್ತರ ಕಿವಿಯಿಂದ ಮತ್ತೊಮ್ಮೆ ಕೇಳಿ ತಿದ್ದಿಕೊಂಡವನ ಕೆಲಸ ಇದು ಎಂದು ನನ್ನ ಅಭಿಪ್ರಾಯ. ಬೇರೆ ಪ್ರವಾಸಿ ತಾನು ಇದ್ದ ಬೀದಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಇವರು ತಾನು ಕೇಳಿದ್ದ ಮಾತುಗಳನ್ನು ಹುಡುಕಿಕೊಂಡು ಬಂದರು.

ಬಂದ ನಾಡೂ ಬಿಟ್ಟುಹೋದ ನಾಡಾಗಿರಲಿಲ್ಲ. ಅವರು ಹೊರಟ 1877 ಮಹಾಕ್ಷಾಮದ ನಡುವಿನ ವರ್ಷ; ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಅಳಿದ ಕಾಲ. ಮರಳಿ ಬರುವಷ್ಟರಲ್ಲಿ, 1881ರಲ್ಲಿ, ಆಂಗ್ಲರ ಕಮಿಷನರ ಆಳಿಕೆ ಹೋಗಿ ಮೈಸೂರು ಮತ್ತೆ ಒಡೆಯರಿಗೆ ಬಂದಿತ್ತು. ಅವರು ಇಲ್ಲಿ ಇರುವಾಗಲೇ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಇವು ಯಾವುವೂ ನಿಘಂಟಿನೊಳಗೆ ವೃತ್ತಾಂತವಾಗಿ ಬರುವುದಿಲ್ಲ, ಬರತಕ್ಕದ್ದೂ ಅಲ್ಲ. ತನ್ನ ಒಂಟಿತನವನ್ನು ಕುರಿತು ಆ 1752 ಪುಟಗಳಲ್ಲಿ ಆತ ಒಂದು ಮಾತನ್ನೂ ಆಡಲಾರ. ನಿಘಂಟುಕಾರನಿಗೆ ಉತ್ತಮ ಪುರುಷವಿಲ್ಲ. 'ಅಮೆರಿಕದಲ್ಲಿ ನಾನು' ಎನ್ನಬಲ್ಲವರು ಪುಣ್ಯವಂತರು.

ಕಿಟ್ಟೆಲ್ಲರನ್ನು ನಾವು ಹೊಗಳುವ ರೀತಿಯ ಬಗೆಗೆ ನನ್ನದೊಂದು ತಕರಾರಿದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಅವರು 'ಕನ್ನಡಿಗರೇ ಆಗಿಹೋದರು.' ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ, ಅವರ ಹೆಸರಿನ ಬಡಾವಣೆಯಿದೆ, ಸಂತೋಷ. ಆದರೆ ಅವರು ಕನ್ನಡಿಗರಾಗಲಿಲ್ಲ. ಮತಪ್ರಚಾರಕರಾಗಿ ಬಂದವರು, ಮಿಶನ್ನಿನ ಸಂಬಳದಲ್ಲಿದ್ದವರು. ನಿಘಂಟಿನಲ್ಲಿ ಅರ್ಥವನ್ನು ಕೊಟ್ಟುದು ಇಂಗ್ಲಿಷಿನಲ್ಲಿ. ಬರಿಯ ಕನ್ನಡ ಬಲ್ಲ ರೈತನಿಗೆ ಅದು ಮುಚ್ಚಿದ ಪುಸ್ತಕ. ಅರ್ಥವನ್ನೂ ಕನ್ನಡದಲ್ಲೇ ಹೇಳುವ ದೊಡ್ಡ ನಿಘಂಟಿಗೆ ನಾವು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳವರೆಗೆ, ಅಂದರೆ 1970ರಿಂದ 1995ರವರೆಗೆ, ಕಾಯಬೇಕಾಯಿತು. 2006ರಲ್ಲಿ ರೈನ್‌ಹಾರ್ಡ್ ವೆಂಟ್ ಎಂಬ ವಿದ್ವಾಂಸರು ಕಿಟ್ಟೆಲ್ಲರನ್ನು ಕುರಿತು ಸಂಪಾದಿಸಿದ ಗ್ರಂಥದ ಹೆಸರು, ಭಾರತೀಯರಿಗೆ ಭಾರತೀಯನೇ ಎಂಬ ಪ್ರಶ್ನೆ. ಮಿಶನರಿಯಾಗಿ ಮೊದಲು ಸೋಲು, ಮರಣಾನಂತರ ಗೆಲುವು ಎಂದು ಅದರ ಉಪಶೀರ್ಷಿಕೆ ಹೇಳುತ್ತದೆ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ನಾವು ಅಳಿಸಿಹಾಕಿದರೆ ಅವರ ಮರಳುವಿಕೆಗೆ ಬೆಲೆಯೇ ಇಲ್ಲ. ತನ್ನ ಊರಿಗೆ ತಾನು ಬಂದರೆ ಅದು ಯಾತ್ರೆಯಾಗುವುದು ಹೇಗೆ? ತನ್ನದಲ್ಲದ ಊರಿಗೆ, ತನ್ನದಲ್ಲವೆಂದು ತಿಳಿದೂ, ಸಂಸಾರವನ್ನು ಬಿಟ್ಟು ಬಂದುದರಲ್ಲಿ ಅರ್ಥವಿದೆ. ಅತ್ತ ಒಂಬತ್ತು ವರ್ಷ ಮನೆಯನ್ನು ನಡೆಸಿದ ಯೂಲಿಯೆಯ ಹೆಸರನ್ನು ಯಾವ ಭಾಷಣದಲ್ಲಿಯೂ ನಾನು ಕೇಳಿಲ್ಲ.

ಮರಳುವ ಆಸೆ ಎಲ್ಲರಿಗೂ ಕೈಗೂಡುವುದಿಲ್ಲವೆಂಬುದಕ್ಕೆ ಗುಂಡರ್ಟರ ಮೊಮ್ಮಗನೇ ಸಾಕ್ಷಿ. ಕಾದಂಬರಿಕಾರ ಹೆರ್ಮನ್ ಹೆಸ್ಸೆ ಹುಟ್ಟಿದುದು ಕಿಟ್ಟೆಲ್ಲರು ಜರ್ಮನಿಗೆ ಮರಳಿದ ಅದೇ 1877ರಲ್ಲಿ. ತಾಯಿ ಹುಟ್ಟಿದುದು ತಲಚೇರಿಯಲ್ಲಿ, ತಂದೆ ಕೆಲಕಾಲ ಮಂಗಳೂರಿನಲ್ಲಿದ್ದವರು. 1911ರಲ್ಲಿ ಹೆಸ್ಸೆ ಹಡಗು ಹತ್ತಿ ಸಿಂಹಳಕ್ಕೂ ಸುಮಾತ್ರಕ್ಕೂ ಹೋದರು. ಮಲಬಾರಿಗೆ ಕಾಲಿಡದೆ ಹಿಂದಿರುಗಿದರು.

ತಾಳವಾಡಿಯಲ್ಲಿ ಕುಳಿತು ಈ ನಿಘಂಟನ್ನು ಓದುವವನಿಗೆ ಮೈಸೂರಿನವನಿಗೆ ಇಲ್ಲದ ಒಂದು ಸುಖವಿದೆ. ಹುಲಿ ಎಂಬಲ್ಲಿ ಹಳೆಯ ಪುಲಿ. 2013ರಿಂದ ಸತ್ಯಮಂಗಲದ ಕಾಡು ಹುಲಿಗಳ ಮೀಸಲು ಪ್ರದೇಶವಾಗಿರುವುದರಿಂದ ಅದೇ 'ಪುಲಿ' ನಮಗೆ ದಾರಿಯ ಬದಿಯ ತಮಿಳು ಫಲಕಗಳಲ್ಲಿ ನಿತ್ಯದರ್ಶನ. ಹಾಲು ಎಂಬಲ್ಲಿ ಪಾಲ್. ಅದಕ್ಕಿಂತ ಮಿಗಿಲಾಗಿ, ನಾವು ಕೈಬಿಟ್ಟ ಎರಡು ಅಕ್ಷರಗಳನ್ನು, ಱ ಮತ್ತು ೞ, ಕಿಟ್ಟೆಲ್ಲರು ಶಬ್ದಗಳ ಪಕ್ಕದಲ್ಲಿ ಮತ್ತೆ ತಂದು ನಿಲ್ಲಿಸಿದ್ದಾರೆ: ಆರು ಅಲ್ಲ ಆಱು, ಮಳೆ ಅಲ್ಲ ಮೞೆ, ಕೋಳಿ ಅಲ್ಲ ಕೋೞಿ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಇವುಗಳ ಪಟ್ಟಿಯನ್ನು ಕೊಡಬೇಕಾಗಿ ಬಂದುದರಿಂದ ಆಗಲೇ ಜನ ತಡವರಿಸುತ್ತಿದ್ದರೆಂದು ಊಹಿಸಬಹುದು. ತಮಿಳಿನಲ್ಲಿ ಮಾತ್ರ ೞಕಾರ ಇಂದಿಗೂ ಜೀವಂತವಾಗಿದೆ. ಆ ಭಾಷೆಯ ಹೆಸರಿನ ಕೊನೆಯಲ್ಲಿಯೇ ಕುಳಿತಿದೆ. ಮದರಾಸಿನಲ್ಲಿ ಬಾಳಿನ ಬಹುಭಾಗವನ್ನು ಕಳೆದ ಸ್ವಾಮಿಯವರು 'ತಮಿಳು ತಲೆಗಳ ನಡುವೆ' ಎಂಬ ಗ್ರಂಥದಲ್ಲಿ ತಮಿಳರ ಪ್ರಾಚೀನತೆಯ ಹೆಮ್ಮೆಯನ್ನು ಬಹಳವಾಗಿ ನಗೆಯಾಡಿದರು. ಓದುವಾಗ ನಾನೂ ನಕ್ಕಿದ್ದೇನೆ. ಆದರೆ ನಮ್ಮ ಅರ್ಧ ಶಬ್ದಗಳ ಹಳೆಯ ರೂಪವನ್ನು ನೆರೆಮನೆಯವರು ಇನ್ನೂ ದಿನಬಳಕೆಯಲ್ಲಿಟ್ಟುಕೊಂಡಿರುವಾಗ, ಬೆಟ್ಟದ ಮೇಲಿನ ನಮಗೆ ಆ ನಗೆ ಅಷ್ಟು ನಿರಾಳವಾಗಿ ಬರುವುದಿಲ್ಲ. ಕಿಟ್ಟೆಲ್ಲರ ನಿಘಂಟನ್ನು ವಿಸ್ತರಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದುದೂ ಶ್ರೀ ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಮದರಾಸು ವಿಶ್ವವಿದ್ಯಾನಿಲಯವೇ ಎಂಬುದನ್ನು ಮರೆಯಬಾರದು.

ಈ ಲೇಖನಕ್ಕಾಗಿ ಪುಟಗಳನ್ನು ತೆರೆದಿಟ್ಟುಕೊಂಡಿದ್ದಾಗ ನೆರೆಮನೆಯ ಹುಡುಗಿಯೊಬ್ಬಳು ಬಂದಳು. ಮನೆಯ ಮಾತು ಕನ್ನಡ, ಶಾಲೆಯ ಓದು ತಮಿಳು. ಬಾಳೆ ಎಂಬ ಶಬ್ದದ ಪಕ್ಕದಲ್ಲಿದ್ದ ಅಕ್ಷರವನ್ನು ತೋರಿಸಿ, 'ಇದೇನು ತಾತ, ತಪ್ಪು ಅಚ್ಚಾಗಿದೆಯಾ?' ಎಂದು ಕೇಳಿದಳು. ಇದು ನಮ್ಮದೇ ಹಳೆಯ ಅಕ್ಷರ, ನಿಮ್ಮ ಪಾಠದ 'ವಾೞೈ'ಯಲ್ಲಿ ಬರುವುದೂ ಇದೇ ಎಂದೆ. ಅವಳು ಕ್ಷಣಕಾಲ ನೋಡಿ, ನಾಲಿಗೆಯನ್ನು ಮೇಲಕ್ಕೆ ಮಡಿಸಿ, 'ಬಾೞೆ' ಎಂದು ಸ್ಪಷ್ಟವಾಗಿ ಅಂದಳು. ಮೈಸೂರಿನಲ್ಲಿ ಓದಿದ ನನ್ನ ನಾಲಿಗೆಗೆ ಎಷ್ಟು ಪ್ರಯತ್ನಿಸಿದರೂ ಳಕಾರವೇ ಬರುತ್ತದೆ.

ಕಿಟ್ಟೆಲ್ಲರು 1892ರಲ್ಲಿ ಹೋದವರು ಮತ್ತೆ ಬರಲಿಲ್ಲ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಅವರ ಕನ್ನಡ ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ತೀರಿಕೊಂಡರು.